ರಾಜಧಾನಿ ಯಾವುದು ಅಂತ ಕೇಳ್ತೀರಿ, ಯಾವ ಲೆಕ್ಕದಾಗ ಅಂತ ಹೇಳಂಗಿಲ್ಲ

ನಾ ವಿಜಯಪುರದಾಂವ, ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಹತ್ತು ವರ್ಷ ಆತು. ಇಲ್ಲಿ ನಮ್ಮ ಓಣಿ ತುದಿಗೆ ಒಂದು ಪಬ್ ಐತಿ, ಪ್ರತಿ ಮಂಗಳವಾರ ರಾತ್ರಿ ಅಲ್ಲಿ ಕ್ವಿಜ್ ನಡೀತೈತಿ. ಟೇಬಲ್‌ಗೆ ಆರು ಮಂದಿ, ಎಲ್ಲಾರ ಫೋನೂ ನಡುವ ಬೋರಲ ಹಾಕಿ ಇಡಬೇಕು, ಒಬ್ಬಾಂವ ಮೈಕ್‌ನಾಗ ಪ್ರಶ್ನೆ ಓದ್ತಾನ, ನಾವು ಹಾಳಿ ಮ್ಯಾಲೆ ಉತ್ತರ ಬರೀತೀವಿ, ಮುಗಿದ ಮ್ಯಾಲೆ ಬಾಜೂ ಟೇಬಲ್‌ನವ್ರ ಹಾಳಿ ನಾವು ತಿದ್ದಬೇಕು, ನಮ್ಮದು ಅವ್ರು. ನಾ ಕುಡಿಯೋದು ಆರೆಂಜ್ ಜ್ಯೂಸ್ ಅಷ್ಟ, ಆದ್ರೂ ಒಂದು ವಾರ ತಪ್ಪಿಸಂಗಿಲ್ಲ, ಯಾಕಂದ್ರ ದೇಶ, ಊರು, ನದಿ, ಗುಡ್ಡ ಅಂದ್ರ ನನಗ ಸಣ್ಣಾಂವ ಇದ್ದಾಗಿಂದ ಜೀವ.

ಮೊದಲ ತಿಂಗಳದಾಗ ಒಂದು ಪ್ರಶ್ನೆ ಬಂತು. ಜಗತ್ತಿನಾಗ ಅತಿ ಹೆಚ್ಚು ಟೈಮ್ ಝೋನ್ ಇರೋ ದೇಶ ಯಾವುದು? ನಾ ಒಂದ ಉಸಿರಿಗೆ ರಷ್ಯಾ ಅಂತ ಬರೆಸಿದ್ನಿ. ಉತ್ತರ ಫ್ರಾನ್ಸ್. ರಷ್ಯಾದಾಗ 11, ಫ್ರಾನ್ಸ್‌ಗೆ 12, ಯಾಕಂದ್ರ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಹಿಡಿದು ಪೆಸಿಫಿಕ್ ಸಮುದ್ರದ ತಾಹಿತಿ ತನಕ ಅವ್ರ ನೆಲ ಚದರಿ ಬಿದ್ದೈತಿ. ನನಗ ಉತ್ತರಕ್ಕಿಂತ ಆಶ್ಚರ್ಯ ಆಗಿದ್ದು ಆಮ್ಯಾಲೆ ನಡೆದದ್ದು. ಬಾಜೂ ಟೇಬಲ್‌ನ ಮುದುಕ ಒಬ್ಬಾಂವ ಎದ್ದು ನಿಂತು, ಸಮುದ್ರದಾಚಿನ ನೆಲ ಬಿಟ್ಟು ಎಣಿಸಿದ್ರ ರಷ್ಯಾನ ಮುಂದ, ನೀ ಪ್ರಶ್ನೆದಾಗ ಅದನ್ನ ಹೇಳಲಿಲ್ಲ ಅಂತ ವಾದಕ್ಕ ಬಿದ್ದ. ಪ್ರಶ್ನೆ ಓದಿದಾಂವ ಸಿಟ್ಟಿಗೇಳಲಿಲ್ಲ. ಹೌದು, ಹಂಗ ಹೇಳಬೇಕಿತ್ತು ಅಂದ, ಎರಡೂ ಉತ್ತರಕ್ಕ ಮಾರ್ಕ್ ಕೊಡ್ರಿ ಅಂದ. ಯಾರಿಗೂ ಅವಮಾನ ಆಗಲಿಲ್ಲ.

ನಮ್ಮ ಸಾಲಿಯೊಳಗ ಹಿಂಗ ಇರಲಿಲ್ಲ. ಮಾಸ್ತರು ಬೋರ್ಡ್ ಮ್ಯಾಲೆ ಮೂರು ಗೆರಿ ಎಳೀತಿದ್ರು, ದೇಶ, ರಾಜಧಾನಿ, ನಾಣ್ಯ. ಜಪಾನ್ ಟೋಕಿಯೋ ಯೆನ್, ಥೈಲ್ಯಾಂಡ್ ಬ್ಯಾಂಕಾಕ್ ಬಾತ್, ಎಲ್ಲಾ ಹಾಡಿನಂಗ ಬಾಯಿಪಾಠ, ಯಾಕ ಅಂತ ಕೇಳಿದವ್ರು ಒಬ್ರೂ ಇಲ್ಲ. ಆದ್ರ ಖರೇ ಹೇಳಬೇಕಂದ್ರ ಆ ಬಾಯಿಪಾಠಕ್ಕ ನಾ ಇವತ್ತೂ ಋಣಿ. ಬುರ್ಕಿನಾ ಫಾಸೋದ ರಾಜಧಾನಿ ಅಂತ ಕೇಳಿದಾಗ ಇಡೀ ಪಬ್ಬಿನಾಗ ವಾಗಡೂಗೂ ಅಂತ ಬರೆದಿದ್ದು ನಮ್ಮ ಟೇಬಲ್ ಒಂದ. ಇಲ್ಲಿ ಕಾಲೇಜ್ ಕಲಿತವ್ರಿಗೂ ಭಾಳ ದೇಶದ ಹೆಸರು ನಕ್ಷೆ ಮ್ಯಾಲೆ ತೋರಸಾಕ ಬರಂಗಿಲ್ಲ, ಆಫ್ರಿಕಾ ಅಂದ್ರ ಒಂದ ದೇಶ ಅನ್ನೋ ಹಂಗ ಮಾತಾಡೋರೂ ಅದಾರ. ತಲಿಯಾಗ ಏನೂ ಇಲ್ಲದ ವಾದ ಎಷ್ಟು ದೂರ ಹೋಗ್ತೈತಿ? ಹೆಸರು ಮೊದಲ ಬಾಯಾಗ ಇರಬೇಕು, ಇದರಾಗ ನಮ್ಮ ಮಾಸ್ತರ ಪದ್ಧತಿನ ಛಲೋ ಅಂತ ನಾ ಯಾರ ಮುಂದೂ ಹೇಳ್ತೀನಿ.

ಆದ್ರ ಅದು ಅಲ್ಲಿಗೇ ನಿಂತುಬಿಡ್ತೈತಿ, ನನ್ನ ಹೊಟ್ಟಿಸಂಕಟ ಅದ. ಇದು ನನಗ ಗೊತ್ತಾಗಿದ್ದು ನಮ್ಮ ಗೋಳಗುಮ್ಮಟದ ಪ್ರಶ್ನೆಯಿಂದ.

ನಮ್ಮ ಪಬ್ಬಿನಾಗ ಹಿಂದಿನ ವಾರ ಗೆದ್ದ ಟೇಬಲ್‌ನವ್ರು ಮುಂದಿನ ವಾರ ಒಂದು ಪ್ರಶ್ನೆ ಕೇಳಬೇಕು. ನಾವು ಗೆದ್ದಾಗ ನಾ ಮೈಕ್ ಹಿಡದು, ಜಗತ್ತಿನ ಎರಡನೇ ಅತಿ ದೊಡ್ಡ ಗುಮ್ಮಟ ಯಾವ ಊರಾಗ ಐತಿ ಅಂತ ಕೇಳಿದ್ನಿ. ವಿಜಯಪುರದ ಪ್ರತಿ ಕೂಸಿಗೂ ಗೊತ್ತಿರೋ ಪ್ರಶ್ನೆ. ಗೌಂಡಿ ಕೆಲಸ ಮಾಡಿ ರಿಟೈರ್ ಆದಾಂವ ಒಬ್ಬಾಂವ ಹಿಂದಿನ ಟೇಬಲ್‌ನಾಗ ಕುಂತಿದ್ದ, ಅಂವ ಶಾಂತವಾಗಿ ಕೇಳಿದ: ಎರಡನೇದು ಅಂದ್ರ ಹೆಂಗ ಅಳದದ್ದು, ಒಳಗಿಂದೋ ಹೊರಗಿಂದೋ? ನನ್ನ ಹತ್ರ ಮಾತ ಇರಲಿಲ್ಲ. ಇಪ್ಪತ್ತು ವರ್ಷ ಆ ಗುಮ್ಮಟದ ನೆರಳಾಗ ಬೆಳದೀನಿ, ಬ್ಯಾಸಗಿ ಸೂಟಿಯಾಗ ಅದರ ಏಳು ಅಂತಸ್ತಿನ ಮಿನಾರದ ಮೆಟ್ಟಲಾ ಹತ್ತಿ ಪಿಸುಗುಟ್ಟೋ ಗ್ಯಾಲರಿಯೊಳಗ ಕೂಗಿ ಕೂಗಿ ಗಂಟಲ ಹರ್ಕೊಂಡೀನಿ, ಆದ್ರ ಈ ಮಾತು ಒಮ್ಮೆನೂ ತಲಿಗೆ ಬಂದಿರಲಿಲ್ಲ.

ಮನಿಗೆ ಬಂದು ರಾತ್ರಿ ಎರಡರ ತನಕ ಓದಿದ್ನಿ. ಮೊಹಮ್ಮದ್ ಆದಿಲ್ ಶಾನ ಗೋರಿ, 1656ರ ಹೊತ್ತಿಗೆ ಮುಗಿದದ್ದು. ಗುಮ್ಮಟದ ಹೊರಗಿನ ವ್ಯಾಸ ಸುಮಾರು 44 ಮೀಟರ್, ಗ್ವಾಡಿ ದಪ್ಪ ಇರೋದ್ರಿಂದ ಒಳಗ ಅಳದ್ರ ಅದಕ್ಕಿಂತ ಕಡಿಮಿ. ರೋಮ್‌ನ ಪ್ಯಾಂಥಿಯನ್ ಅನ್ನೋ ಹಳೇ ಗುಡಿಯ ಗುಮ್ಮಟದ ಒಳಗಿನ ವ್ಯಾಸನ 43 ಮೀಟರ್ ದಾಟ್ತೈತಿ, ಅದು ನಮ್ಮದಕ್ಕಿಂತ ಒಂದೂವರೆ ಸಾವಿರ ವರ್ಷ ಹಳೇದು. ಇನ್ನ ಈಗಿನ ಉಕ್ಕಿನ ಗುಮ್ಮಟ ಎಣಿಕಿಗೆ ತಗೊಂಡ್ರ ಕತಿನ ಬ್ಯಾರೆ, 2014ರಾಗ ತೆರೆದ ಸಿಂಗಾಪುರದ ನ್ಯಾಷನಲ್ ಸ್ಟೇಡಿಯಂನ ಗುಮ್ಮಟ 310 ಮೀಟರ್ ಅಗಲ ಐತಿ. ಅಂದ್ರ ಯಾವ ಕಾಲದ ಗುಮ್ಮಟದಾಗ, ಒಳಗಿಂದೋ ಹೊರಗಿಂದೋ ಅಳದದ್ದು ಅಂತ ಹೇಳದ ಹೊರತು ಆ ‘ಎರಡನೇ’ ಅನ್ನೋ ಮಾತು ನಿಲ್ಲಂಗಿಲ್ಲ.

ಆದ್ರ ಓದ್ತಾ ಓದ್ತಾ ಇನ್ನೊಂದು ಸಿಕ್ತು ನೋಡ್ರಿ. ಒಂದ ಗುಮ್ಮಟದ ಕೆಳಗ ನಡುವ ಒಂದೂ ಕಂಬ ಇಲ್ಲದ ಎಷ್ಟು ನೆಲ ಮುಚ್ಚೈತಿ ಅಂತ ಲೆಕ್ಕ ಹಾಕಿದ್ರ ನಮ್ಮದು ಸುಮಾರು 1,700 ಚದರ ಮೀಟರ್, ಪ್ಯಾಂಥಿಯನ್ನಿನದು ಗುಂಡಗಿರೋದ್ರಿಂದ 1,500ರ ಒಳಗ ಬರ್ತೈತಿ. ನಮ್ಮ ಕಟ್ಟಡದ ಕೆಳಗ ಚೌಕ, ಮ್ಯಾಲೆ ಗುಂಡು, ನಡುವ ಕಮಾನು ಕಮಾನಿಗೆ ಅಡ್ಡ ಹಾಯಿಸಿ ಆ ಭಾರ ಹೊರಿಸ್ಯಾರ. ಇಷ್ಟು ದೊಡ್ಡ ಸಂಗತಿ ಬಿಟ್ಟು ನಾವು ಮಕ್ಕಳಿಗೆ ‘ಎರಡನೇದು’ ಅಂತ ಒಂದ ಶಬ್ದ ಕಲಿಸಿ ಕೈ ತೊಳ್ಕೊಂಡೀವಿ. ನನಗ ಅವತ್ತು ಭಾಳ ಬ್ಯಾಸರಾತು.

ಹೋದ ಡಿಸೆಂಬರ್‌ಗೆ ಊರಿಗೆ ಹೋದಾಗ ಅಕ್ಕನ ಮಗ ಪಿಎಸ್‌ಐ ಪರೀಕ್ಷೆಗೆ ಓದಾಕತ್ತಿದ್ದ. ಮಾಳಗಿ ಮ್ಯಾಲೆ ಬಿಸಲಾಗ ಕುಂತು ಸಾಮಾನ್ಯ ಜ್ಞಾನದ ಗೈಡ್ ಹಿಡ್ಕೊಂಡು, ಮಾಮಾ ನನಗ ಪ್ರಶ್ನೆ ಕೇಳ್ರಿ ಅಂದ. ದಕ್ಷಿಣ ಆಫ್ರಿಕಾದ ರಾಜಧಾನಿ ಯಾವುದೋ ಅಳ್ಯಾ ಅಂದ್ನಿ. ಪ್ರಿಟೋರಿಯಾ ಅಂದ. ಕೇಪ್‌ಟೌನ್? ಅದು ದೊಡ್ಡ ಊರು ಮಾಮಾ, ರಾಜಧಾನಿ ಅಲ್ಲ ಅಂದ. ಗೈಡಿನಾಗ ಒಂದ ಹೆಸರಿತ್ತು, ಅವಂದೇನ ತಪ್ಪು?

ಅಂವಗ ಹೇಳಿದ್ನಿ, ಅಲ್ಲಿ ಸರ್ಕಾರದ ಆಡಳಿತ ಪ್ರಿಟೋರಿಯಾದಾಗ, ಪಾರ್ಲಿಮೆಂಟ್ ಕೇಪ್‌ಟೌನ್‌ನಾಗ, ಮೇಲ್ಮನವಿ ನ್ಯಾಯಾಲಯ ಬ್ಲೂಮ್‌ಫಾಂಟೇನ್‌ದಾಗ. 1910ರಾಗ ಬ್ಯಾರೆ ಬ್ಯಾರೆ ವಸಾಹತು ಕೂಡಿಸಿ ಒಂದು ದೇಶ ಮಾಡುವಾಗ ರಾಜಧಾನಿ ನಮ್ಮೂರಾಗ ಇರಲಿ ಅಂತ ಎಲ್ಲಾರೂ ಹಟ ಹಿಡದ್ರು, ಕಡೀಕ ಹಂಚಿಕೊಂಡ್ರು. ಸಂವಿಧಾನ ನ್ಯಾಯಾಲಯ ಮತ್ತ ಜೋಹಾನ್ಸ್‌ಬರ್ಗ್‌ನಾಗ ಐತಿ. ಹುಡುಗ ಗೈಡ್ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಂದ್ರ ನಮ್ಮ ಬೆಳಗಾವಿ ಅಧಿವೇಶನ ಇದ್ದಂಗ ಏನ್ರಿ ಮಾಮಾ ಅಂದ. ಅದ ವಾರ ಸುವರ್ಣ ಸೌಧದಾಗ ಚಳಿಗಾಲದ ಅಧಿವೇಶನ ನಡದಿತ್ತು, ಟಿವಿಯಾಗ ಬರ್ತಿತ್ತು. 2012ರಾಗ ಆ ಸೌಧ ಉದ್ಘಾಟನೆ ಆದದ್ದು, ಗಡಿ ಊರಿಗೂ ಸರ್ಕಾರ ಬರ್ತೈತಿ ಅಂತ ತೋರಸಾಕ ಕಟ್ಟಿದ್ದು. ದೂರದ ಆಫ್ರಿಕಾದ ಪ್ರಶ್ನೆ ಅಂವ ಬೆಳಗಾವಿ ಹಿಡದು ತಿಳಕೊಂಡ. ಇನ್ನ ಅಂವ ಅದನ್ನ ಮರಿಯಂಗಿಲ್ಲ.

ಕೆಳಗಿಂದ ಅಕ್ಕ ರೊಟ್ಟಿ ಬಡಿಯೋದು ಬಿಟ್ಟು, ತಮ್ಮಾ ಅಂವಗ ಹಿಂಗೆಲ್ಲಾ ಹೇಳಿ ತಲಿ ಕೆಡಸಬ್ಯಾಡೋ, ಪರೀಕ್ಷೆದಾಗ ನಾಲ್ಕರಾಗ ಒಂದ ಗೋಲ ತುಂಬಬೇಕು, ತಪ್ಪಾದ್ರ ಮಾರ್ಕ್ ಕಡೀತಾರ ಅಂದ್ಲು. ಅಕ್ಕನ ಮಾತಿನಾಗ ಹುರುಳೈತಿ. ಲೀಡ್ಸ್‌ನ ಪಬ್ಬಿನಾಗ ಸೋತ್ರ ಹೋಗೋದು ಒಂದು ಬಹುಮಾನ, ಇಲ್ಲಿ ಹೋಗೋದು ಒಂದು ನೌಕರಿ. ಅದಕ್ಕ ನಾ ಹುಡುಗೂರಿಗೆ ಏನೂ ಅನ್ನಂಗಿಲ್ಲ, ಪ್ರಶ್ನೆ ತಗಿಯೋರಿಗೆ ಹೇಳ್ತೀನಿ. ‘ಅತಿ ದೊಡ್ಡ’ ಅಂತ ಬರೆಯೋ ಮುಂದ ವಿಸ್ತೀರ್ಣದಾಗೋ ಜನಸಂಖ್ಯೆದಾಗೋ ಅಂತ ಎರಡು ಶಬ್ದ ಸೇರಸ್ರಿ. ‘ಅತಿ ಎತ್ತರದ ಶಿಖರ’ ಅಂದ್ರ ಸಮುದ್ರ ಮಟ್ಟದಿಂದ ಅಂತ ಹೇಳ್ರಿ, ಆಗ ಎವರೆಸ್ಟ್ 8,848.86 ಮೀಟರ್ ಖರೇ. ಭೂಮಿ ನಡುಮಧ್ಯದಿಂದ ಅಳದ್ರ ಈಕ್ವೆಡಾರ್‌ನ ಚಿಂಬೊರಾಜೊ ಮುಂದ ಹೋಗ್ತೈತಿ, ಯಾಕಂದ್ರ ಭೂಮಿ ಸಮಭಾಜಕದ ಹತ್ರ ಉಬ್ಬೈತಿ. ಎರಡು ಶಬ್ದ ಹೆಚ್ಚು ಬರದ್ರ ಪೇಪರ್ ಉದ್ದ ಆಗಂಗಿಲ್ಲ, ಆಮ್ಯಾಲೆ ಕೀ ಉತ್ತರಕ್ಕ ಆಕ್ಷೇಪಣೆ ಹಾಕ್ಕೋತ ಹುಡುಗೂರು ಅಲೆಯೋದು ತಪ್ಪತೈತಿ.

ಇನ್ನೊಂದು ಮಾತು. ಈಜಿಪ್ಟಿನ ಅಸ್ವಾನ್ ಅಣೆಕಟ್ಟು ಯಾವ ನದಿಗೆ ಅನ್ನೋ ಪ್ರಶ್ನೆ ಪ್ರತಿ ಗೈಡಿನಾಗ ಐತಿ, ನೈಲ್ ಅಂತ ಉತ್ತರ ಐತಿ, ಮುಗೀತು. ನಮ್ಮ ಮಾವನ ಮನಿ ಹಳೇ ಬಾಗಲಕೋಟೆಯೊಳಗ ಇತ್ತು. ಆಲಮಟ್ಟಿ ಹಿನ್ನೀರು ಬಂದು ಅವ್ರ ಓಣಿ ಹೋತು, ನವನಗರಕ್ಕ ಬಂದ್ರು. ನಮ್ಮತ್ತಿ ಈಗಲೂ ‘ಊರು’ ಅಂದ್ರ ಹಳೇ ಊರನ್ನ ಅಂತಾಳ, ಸೆಕ್ಟರ್ ನಂಬರ್ ಹೇಳುವಾಗ ಒಂದು ಗಳಿಗಿ ತಡೀತಾಳ. ಅಸ್ವಾನ್ ಹೈ ಡ್ಯಾಮಿನ ನೀರಿಗೆ 1960ರ ದಶಕದಾಗ ಸುಡಾನಿನ ವಾದಿ ಹಾಲ್ಫಾ ಅನ್ನೋ ಊರು ಹಿಂಗ ಮುಳುಗೇತಿ, ಸಾವಿರಾರು ನೂಬಿಯನ್ ಮಂದಿನ್ನ ದೂರ ಒಯ್ದು ಕೂಡಿಸಿ ಅದಕ್ಕ ಹೊಸ ಹಾಲ್ಫಾ ಅಂತ ಹೆಸರಿಟ್ರು. ಆದ್ರ ಈಜಿಪ್ಟಿನ ಅಬು ಸಿಂಬೆಲ್‌ನ ಹಳೇ ಗುಡಿನ್ನ ತುಂಡು ತುಂಡು ಮಾಡಿ ಮ್ಯಾಲಕ್ಕ ಎತ್ತಿ ಉಳಿಸ್ಕೊಂಡ್ರು. ಇದನ್ನ ಅತ್ತಿಗೆ ಹೇಳಿದಾಗ ಆಕಿ ಕೇಳಿದ್ದು ಒಂದ ಪ್ರಶ್ನೆ: ಅವ್ರಿಗೆ ಹೊಸ ಊರಾಗ ನೀರು ಛಲೋ ಸಿಕ್ತೇನಪಾ? ಯಾವ ಗೈಡಿನಾಗ ಐತಿ ಈ ಪ್ರಶ್ನೆ?

ಲೀಡ್ಸ್‌ಗೆ ವಾಪಸ್ ಬಂದು ಎರಡು ವಾರಕ್ಕ ಒಂದಿನ ಮುಂಜಾನೆ ಅಳಿಯಂದು ಫೋನ್ ಬಂತು. ಹಿಂದ ಗದ್ದಲ, ಯಾವುದೋ ಸಾಲಿ ಹುಡುಗೂರು ಕೂಗಾಕತ್ತಿದ್ರು, ಕೂಗಿದ್ದು ಮತ್ತ ಮತ್ತ ತಿರುಗಿ ಬರ್ತಿತ್ತು, ಎಲ್ಲಿ ಅದಾನ ಅಂತ ಕೇಳೋದ ಬ್ಯಾಡಾತು. ಮಾಮಾ, ಗುಮ್ಮಟದ ಒಳಗ ಗ್ವಾಡಿ ಹಿಡ್ಕೊಂಡು ಈ ಮೂಲಿಯಿಂದ ಆ ಮೂಲಿಗೆ ನಡದ್ನಿ, ಐವತ್ತೆಂಟು ಹೆಜ್ಜಿ ಬಂತು, ನನ್ನ ಹೆಜ್ಜಿ ಎಷ್ಟು ಉದ್ದ ಅಂತ ಹೆಂಗ ಅಳೀಬೇಕು ಹೇಳ್ರಿ ಅಂದ.