ಕಾಲಂ ಇಲ್ಲದ ಕಲಿಕೆ

ಬಡವರ ಮಕ್ಕಳು ಅಂಗನವಾಡಿಯಲ್ಲಿ ಏನು ಕಲಿಯುತ್ತಿದ್ದಾರೆಂದು ತಿಳಿಯಲು ನಮ್ಮ ವ್ಯವಸ್ಥೆ ಅತಿ ಸುಲಭವಾದ ಉಪಾಯವೊಂದನ್ನು ಕಂಡುಕೊಂಡಿದೆ. ಮಕ್ಕಳ ಕಲಿಕೆಯೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಅಳೆಯುವುದೇ ಆ ಉಪಾಯ.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾಗಿ, ಕರ್ನಾಟಕದಲ್ಲಿ ತಿ. ನರಸೀಪುರದಿಂದ ಹೆಜ್ಜೆಯಿಟ್ಟ ಅಂಗನವಾಡಿಗಳ ಈ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣವೂ ಒಂದೆಂಬುದು, ಗೋಡೆಯ ಮೇಲೆ ಬರೆಸಿರುವ ಕಾರಣದಿಂದಲಾದರೂ, ಇನ್ನೂ ಮರೆತುಹೋಗಿಲ್ಲ. 2021ರಲ್ಲಿ ಅಂಗನವಾಡಿಯ ಲೆಕ್ಕಗಳನ್ನು ಫೋನಿನಲ್ಲಿ ತುಂಬಿಸುವ ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್ ಬಂದ ಮೇಲಂತೂ ಕಾರ್ಯಕರ್ತೆಯ ಕಣ್ಣು ಮಕ್ಕಳಿಗಿಂತ ಫೋನಿನ ಮೇಲೆಯೇ ಹೆಚ್ಚು ನೆಟ್ಟಿರುತ್ತದೆ. ಮನೆಗೆ ಕೊಡುವ ಆಹಾರದ ಪೊಟ್ಟಣಕ್ಕೂ ಈಗ ಆ ಫೋನಿಗೆ ಮುಖ ತೋರಿಸಬೇಕು. ಬೆಳಗಾಗುವ ಮೊದಲೇ ಕೂಲಿಗೆ ಹೋದ ತಾಯಿಯ ಮುಖವನ್ನು ಎಲ್ಲಿಂದ ತರುವುದು? ಇಷ್ಟೆಲ್ಲ ಮಾಡುವವಳಿಗೆ ಸಂಬಳ ಕೊಟ್ಟರೆ ಅಗೌರವವಾದೀತೆಂದು ಗೌರವಧನ ಕೊಡಲಾಗುತ್ತಿದೆ.

ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ 1962ರಲ್ಲಿ ಶುರುವಾದ ಪೆರ್ರಿ ಶಾಲಾಪೂರ್ವ ಪ್ರಯೋಗದವರು ಬಡಕುಟುಂಬಗಳ 123 ಮಕ್ಕಳಲ್ಲಿ 58 ಮಂದಿಗೆ ಮಾತ್ರ ಪಾಠ ಹೇಳಿ, ಎರಡೂ ಗುಂಪಿನವರ ಓದು, ಕೆಲಸ, ಜೈಲುವಾಸಗಳನ್ನೆಲ್ಲ ಅವರಿಗೆ 40 ತುಂಬುವವರೆಗೂ ವಿಚಾರಿಸುತ್ತಲೇ ಇದ್ದರಂತೆ. ಪಾಪ, ನಿಧಾನಸ್ಥರು. ನಮ್ಮಲ್ಲಿ ಮೌಲ್ಯಮಾಪನ ಮಧ್ಯಾಹ್ನದ ಊಟದೊಳಗೇ ಮುಗಿಯುತ್ತದೆ.

ನಾನು ಕಂಡ ಒಂದು ತಪಾಸಣೆಯ ದಿನ, ಬಂದ ಸಾಹೇಬರು ಹಾಜರಿ ಪುಸ್ತಕ, ದಾಸ್ತಾನು ಪುಸ್ತಕ, ಮೊಟ್ಟೆ ಹಂಚಿದ ಪುಸ್ತಕಗಳನ್ನು ಒಂದರ ಮೇಲೊಂದಿಟ್ಟು ಸಹಿ ಹಾಕುತ್ತಾ ಹೋದರು. ಮೂಲೆಯಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳು ಬೆರೆಸಿಟ್ಟಿದ್ದ ಕಾಳುಗಳನ್ನು ಆರಿಸಿ, ಅವರೆಯದೊಂದು, ಹುರುಳಿಯದೊಂದು, ಅಲಸಂದೆಯದೊಂದು ಗುಪ್ಪೆ ಮಾಡಿದ್ದಳು. ಬೇರೆಯಾಗಿ ಕಂಡ ಒಂದೇ ಒಂದು ಹುಣಸೆಬೀಜವನ್ನು ಯಾವ ಗುಪ್ಪೆಗೂ ಸೇರಿಸದೆ ಅಂಗೈಯಲ್ಲಿಟ್ಟುಕೊಂಡು, ಓಡಿಬಂದು ಅವರೆದುರು ಚಾಚಿದಳು. ಮೌಲ್ಯಮಾಪನ ಮಾಡಬೇಕಾಗಿದ್ದ ಸಂಗತಿಯೇ ಕಾಲ ಮೇಲೆ ನಡೆದು ಬಂದಿತ್ತು.

“ಇದಕ್ಕೆ ಕಾಲಂ ಎಲ್ಲಿದೆಯಮ್ಮಾ?” ಎಂದು ಸಾಹೇಬರು ಕಾರ್ಯಕರ್ತೆಯನ್ನು ಕೇಳಿದರು.

“ಇಲ್ಲ ಸಾರ್.”

ಕಲಿಕಾ ಚಟುವಟಿಕೆಯ ಫೋಟೊ ಮಾತ್ರ ಕಡ್ಡಾಯವಾಗಿತ್ತು. ಗೋಡೆಯ ಚಾರ್ಟಿಗೆ ಅಡ್ಡವಾಗುತ್ತಾಳೆಂದು ಹುಡುಗಿಯನ್ನು ಪಕ್ಕಕ್ಕೆ ಸರಿಸಿ ಫೋಟೊ ತೆಗೆಯಲಾಯಿತು. ನೆಲ ಚೊಕ್ಕವಾಗಿ ಕಾಣಲೆಂದು ಸಹಾಯಕಿ ಅದಕ್ಕೂ ಮೊದಲೇ ಮೂರು ಗುಪ್ಪೆಗಳನ್ನೂ ಒಟ್ಟಿಗೆ ಬಳಿದು ಡಬ್ಬಿಗೆ ಸುರಿದಿದ್ದಳು.