ದಾವಣಗೆರೆಯ ಬೇಸಿಗೆಗೆ ಬೆಚ್ಚನೆಯ ನಾದ

ಏಪ್ರಿಲ್ ತಿಂಗಳ ಮಧ್ಯಾಹ್ನ ನಾಯಿಯೂ ನೆರಳು ಬಿಟ್ಟು ಕದಲದ ದಾವಣಗೆರೆಯಲ್ಲಿ, ಜನರು ಕೈಯಿಂದ ದುಡ್ಡು ಕೊಟ್ಟು, ಗಾಜಿನ ಕೊಳವೆಗಳಿಂದ ಧ್ವನಿಯನ್ನು ಹಿಗ್ಗಿಸುವ ಟ್ಯೂಬ್ ಆಂಪ್ಲಿಫೈಯರಿನ ‘ಬೆಚ್ಚನೆಯ ನಾದ’ವನ್ನು ತರಿಸಿಕೊಳ್ಳತೊಡಗಿದ್ದಾರೆ. 2016ರಲ್ಲಿ ದೇಶದ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳ ಪಟ್ಟಿಗೆ ಸೇರಿದ ಊರಿನ ಗಣ್ಯರು, 1947ರಲ್ಲಿ ಹುಟ್ಟಿದ ಟ್ರಾನ್ಸಿಸ್ಟರನ್ನು ಭಾವಶೂನ್ಯವೆಂದು ತಳ್ಳಿಹಾಕಿ, 1906ರಲ್ಲಿ ಲೀ ಡಿ ಫಾರೆಸ್ಟ್ ರೂಪಿಸಿದ ಟ್ರಯೋಡ್ ಕೊಳವೆಯ ವಂಶಕ್ಕೆ ಶರಣಾಗಿದ್ದಾರೆ. ಅಭಿವೃದ್ಧಿಗೆ ರಿವರ್ಸ್ ಗೇರ್ ಕೂಡ ಇದೆ ಎಂಬುದನ್ನು ಇಷ್ಟು ಸಡಗರದಿಂದ ತೋರಿಸಿಕೊಟ್ಟ ನಗರ ಇನ್ನೊಂದಿರಲಾರದು.

ನ್ಯಾಯವಾಗಿ ಹೇಳಬೇಕೆಂದರೆ, ಅಗ್ಗದ ಟ್ಯೂಬ್ ಆಂಪ್ಲಿಫೈಯರ್ ಇಂಪಾಗಿಯೇ ಇರುತ್ತದೆ. ಕೊಳವೆಯು ಮೂಲ ಸ್ವರಕ್ಕೆ ತನ್ನದೊಂದು ಮೇಲಿನ ಸ್ಥಾಯಿಯ ನೆರಳನ್ನು ಬೆರೆಸುತ್ತದೆ; ಎಂಜಿನಿಯರು ಇದನ್ನು ವಿಕೃತಿ ಎನ್ನುತ್ತಾನೆ, ಕಿವಿ ಮಾಧುರ್ಯ ಎನ್ನುತ್ತದೆ. ಆದರೆ ಒಂದು ಇಎಲ್84 ಕೊಳವೆಯಿಂದ ಹೆಚ್ಚೆಂದರೆ ಐದು ವಾಟ್ ಸಂಗೀತ ಹೊರಡುವಾಗ, ಅದರ ಎರಡು ಪಟ್ಟಿಗೂ ಮಿಕ್ಕಿದ ಶಾಖ ಕೋಣೆಗೆ ಸೇರುತ್ತದೆ. ಆ ಶಾಖ ತಾಳಲಾರದೆ ಮನೆಯವರು ಫ್ಯಾನನ್ನು ಐದಕ್ಕೆ ತಿರುಗಿಸುತ್ತಾರೆ, ಮೂಲೆಯಲ್ಲಿ ಕೂಲರ್ ಗುಡುಗುತ್ತದೆ, ಅವೆರಡರ ನಡುವೆ ಯಜಮಾನರು ಕಣ್ಣು ಮುಚ್ಚಿ ‘ತಂಬೂರಿಯ ತಂತಿಯ ಉಸಿರು ಕೇಳಿತೇ?’ ಎಂದು ವಿಚಾರಿಸುತ್ತಾರೆ. ಮಂಡಕ್ಕಿ ಮಿರ್ಚಿಯ ತಟ್ಟೆ ಎದುರಿಗಿರುವವರೆಗೆ ಯಾವ ಅತಿಥಿಯೂ ಕೇಳಲಿಲ್ಲ ಎನ್ನುವುದಿಲ್ಲ.

ಇನ್ನೂ ಅಗ್ಗದವುಗಳಲ್ಲಿ ಕೆಲಸವನ್ನೆಲ್ಲ ಒಳಗೆ ಅಡಗಿದ ಟ್ರಾನ್ಸಿಸ್ಟರುಗಳ ಚಿಪ್ ಒಂದೇ ಮಾಡುತ್ತದೆ. ಮೇಲೆ ನಿಂತ ಪುಟ್ಟ ಕೊಳವೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಎಲ್‌ಇಡಿ ಉರಿಯುತ್ತಿರುತ್ತದೆ. ಅದರ ಬೆಳಕಿನಲ್ಲಿಯೂ ಬೆಚ್ಚನೆಯ ನಾದವನ್ನು ಕೇಳಿದವರು ವಿದ್ಯಾನಗರದಲ್ಲಿದ್ದಾರೆ.

ನಿಜವಾದ ತಮಾಷೆ ಆರಂಭವಾಗುವುದು ‘ಅಪ್‌ಗ್ರೇಡ್’ ಎಂಬ ಜ್ವರ ಹತ್ತಿದ ಮೇಲೆ. ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ 1961ರಿಂದ ತಯಾರಿಸಿದ ವಾಲ್ವುಗಳು, ಅಂದರೆ ಇವೇ ಕೊಳವೆಗಳು, ಒಂದು ಕಾಲದಲ್ಲಿ ರೇಡಿಯೊ ಪೆಟ್ಟಿಗೆಗಳೊಳಗೆ ಕುಳಿತು ಭದ್ರಾವತಿ ಆಕಾಶವಾಣಿಯನ್ನು ಮನೆಮನೆಗೆ ಕೇಳಿಸಿದ್ದವು. ಅಂಥ ಪೆಟ್ಟಿಗೆಯನ್ನು ಅಟ್ಟದಿಂದಿಳಿಸಿ ಗುಜರಿಗೆ ಹಾಕಿ ಬೆಳ್ಳುಳ್ಳಿ ತೆಗೆದುಕೊಂಡ ಮನೆಯವರೇ, ಈಗ ಅದೇ ವಾಲ್ವನ್ನು ‘ಬಳಸದ ಹಳೆಯ ದಾಸ್ತಾನು’ ಎಂಬ ಬಿರುದಿನೊಂದಿಗೆ, ಸುಂಕ ತೆತ್ತು, ವಿದೇಶದಿಂದ ತರಿಸಿಕೊಳ್ಳುತ್ತಾರೆ. ಆಮೇಲೆ ಕೆಪಾಸಿಟರ್ ಬದಲಾಗುತ್ತದೆ, ತಂತಿಗೆ ಬೆಳ್ಳಿ ಬರುತ್ತದೆ, ಹೆಂಡತಿಯ ಕಾಲುಂಗುರದ ತೂಕವನ್ನು ಯಾರೋ ಸುಮ್ಮನೆ ವಿಚಾರಿಸುತ್ತಾರೆ. ಕೊಳವೆಯ ಸಾವಿರಾರು ಓಮ್‌ಗಳ ವಿದ್ಯುತ್ ತಡೆಯನ್ನು ಸ್ಪೀಕರಿನ ಎಂಟು ಓಮ್‌ಗೆ ಹೊಂದಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಅಗ್ಗದ ಯಂತ್ರದಲ್ಲಿ ಜಿಪುಣತನ ನಡೆದಿರುವುದು ಅಲ್ಲಿಯೇ ಆದರೂ ಅದು ಕಪ್ಪಗಿದೆ, ಭಾರವಾಗಿದೆ, ಹೊಳೆಯುವುದಿಲ್ಲ. ಸ್ಪೀಕರಿನ ಮಾತೆತ್ತಿದರಂತೂ ಅಪಮಾನವೆಂದು ಭಾವಿಸುತ್ತಾರೆ. ಐದು ವಾಟನ್ನು ಹತ್ತು ಮಾಡಿದರೆ ಸಿಗುವುದು ಮೂರು ಡೆಸಿಬೆಲ್ ಮಾತ್ರ, ಒಂದು ವಾಟಿಗೆ 84 ಡೆಸಿಬೆಲ್ ಸದ್ದು ಕೊಡುವ ಮೊಂಡು ಸ್ಪೀಕರಿನ ಬದಲು 92ರದ್ದನ್ನು ಇಟ್ಟರೆ ಶಕ್ತಿಯನ್ನು ಆರು ಪಟ್ಟು ಹೆಚ್ಚಿಸಿದಷ್ಟೇ ಫಲ ಎಂದು ಲೆಕ್ಕ ಬರೆದು ತೋರಿಸಿದವನನ್ನು ಮುಂದಿನ ಭಾನುವಾರದ ಗೋಷ್ಠಿಗೆ ಕರೆಯುವುದಿಲ್ಲ.

ಅರವತ್ತು ದಾಟಿ, ಕುಕ್ಕರಿನ ಶಿಳ್ಳೆಯನ್ನು ಮೊಮ್ಮಗ ಹೇಳಿದ ಮೇಲೆ ಗುರುತಿಸುವ ಹಿರಿಯರೊಬ್ಬರು, ಹದಿನೈದು ಸಾವಿರ ಹರ್ಟ್ಸ್‌ಗೂ ಮೇಲಿನ ಅತಿ ಕೀರಲು ಸ್ವರಗಳಲ್ಲಿ ‘ಗಾಳಿಯಾಡುವುದಿಲ್ಲ’ ಎಂದು ಈಚೆಗೆ ಗೋಷ್ಠಿಯಲ್ಲಿ ದೂರಿದರು. ಕೊಳವೆ, ತಂತಿ, ಕೆಪಾಸಿಟರುಗಳೆಲ್ಲ ಬದಲಾಗಿದ್ದುದರಿಂದ ದೋಷ ವಿದ್ಯುತ್ತಿನದೇ ಎಂದು ಸಭೆ ತೀರ್ಮಾನಿಸಿತು. ಪ್ರತ್ಯೇಕ ಕಂಬ, ಪ್ರತ್ಯೇಕ ತಂತಿ ಕೋರುವ ಮನವಿಯ ಕರಡು ಸಿದ್ಧವಾಗಿದೆ: ರಾಯಚೂರಿನ ಶಾಖೋತ್ಪನ್ನ ವಿದ್ಯುತ್ತಿನಿಂದ ಮಂದ್ರದಲ್ಲಿ ಬೂದಿ ಕೂರುತ್ತಿರುವುದರಿಂದ ಗಾಯನಕ್ಕೆ ಶರಾವತಿಯ ನೀರಿನ ವಿದ್ಯುತ್ತನ್ನೇ ಒದಗಿಸಬೇಕು, ಸಂಜೆ ಆರರಿಂದ ಎಂಟರವರೆಗೆ, ಕೊಳಲು ಕಛೇರಿ ಕೇಳುವ ಸದಸ್ಯರಿಗೆ, ಚಿತ್ರದುರ್ಗದ ಗಾಳಿಯಂತ್ರಗಳ ವಿದ್ಯುತ್ತನ್ನು ಬೇರೆಯಾಗಿ ಬಿಡಬೇಕು.