ಒಂದು ಹೆಕ್ಟೇರಿಗಷ್ಟೇ ತಗುಲಿದ ಕೊರೊನಾ

ಕೊರೊನಾ ವೈರಾಣುವಿನ ಬಗ್ಗೆ ವಿಜ್ಞಾನಿಗಳು ಬೇಕಾದಷ್ಟು ಬರೆದಿದ್ದಾರೆ. ಆದರೆ ಅದು ಹೂವಿನ ತೋಟಕ್ಕೆ ನುಗ್ಗಿದರೂ ಒಂದು ಹೆಕ್ಟೇರ್ ಮುಗಿದೊಡನೆ ವಿನಯದಿಂದ ಬದುವಿನ ಮೇಲೆ ನಿಂತುಬಿಡುತ್ತದೆ ಎಂಬುದನ್ನು ಕಂಡುಹಿಡಿದ ಕೀರ್ತಿ ನಮ್ಮ ರಾಜ್ಯ ಸರ್ಕಾರಕ್ಕೇ ಸಲ್ಲಬೇಕು. 2020ರ ಮೇ ತಿಂಗಳಲ್ಲಿ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು 1,610 ಕೋಟಿ ರೂಪಾಯಿಯ ಪ್ಯಾಕೇಜ್ ಪ್ರಕಟಿಸಿದಾಗ, ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ, ಅದೂ ಗರಿಷ್ಠ ಒಂದು ಹೆಕ್ಟೇರಿಗೆ ಎಂದು ನಿಗದಿಯಾಯಿತು. ದೇವಸ್ಥಾನಗಳ ಬಾಗಿಲು ಮುಚ್ಚಿ, ಮದುವೆಗಳು ನಿಂತು, ಕೊಳ್ಳುವವರಿಲ್ಲದೆ ಸೇವಂತಿಗೆ ಗಿಡದಲ್ಲೇ ಬಾಡುತ್ತಿದ್ದ ಹೊತ್ತು ಅದು. ಎರಡನೆಯ ಹೆಕ್ಟೇರಿನ ಸೇವಂತಿಗೆ ಮಾತ್ರ ಸರ್ಕಾರಕ್ಕಷ್ಟೇ ಗೊತ್ತಿರುವ ಯಾವುದೋ ಸಂತೆಯಲ್ಲಿ ಒಳ್ಳೆಯ ಬೆಲೆಗೆ ಮಾರಾಟವಾಗಿರಬೇಕು.

ಹೆಕ್ಟೇರ್ ಎಂಬ ಅಳತೆಯನ್ನು ಆರಿಸಿಕೊಂಡವರ ಜಾಣ್ಮೆಗೂ ತಲೆದೂಗಲೇಬೇಕು. ನಮ್ಮ ರೈತರ ಲೆಕ್ಕವೆಲ್ಲ ಎಕರೆ, ಗುಂಟೆಗಳಲ್ಲಿ. ಒಂದು ಹೆಕ್ಟೇರ್ ಎಂದರೆ ಹೆಚ್ಚುಕಡಿಮೆ ಎರಡೂವರೆ ಎಕರೆ. ಇಪ್ಪತ್ತು ಗುಂಟೆಯಲ್ಲಿ ಹೂ ಹಾಕಿದವನು 25,000 ಎಂಬ ಸಂಖ್ಯೆಯನ್ನು ಟಿವಿಯಲ್ಲಿ ಕೇಳಿ, ಸಾಲದ ಕಂತು, ಗೊಬ್ಬರದಂಗಡಿಯ ಬಾಕಿ, ಕೊಯ್ಲಿನ ಕೂಲಿ ಎಲ್ಲವನ್ನೂ ಮನಸ್ಸಿನಲ್ಲೇ ತೀರಿಸಿ ಮುಗಿಸಿದ ಮೇಲೆ, ತನ್ನ ಪಾಲಿಗೆ ಬರುವುದು ಸುಮಾರು 5,000 ಎಂದು ಅರಿತುಕೊಳ್ಳುತ್ತಾನೆ. ಅಷ್ಟು ಹೊತ್ತು ಅವನನ್ನು ನೆಮ್ಮದಿಯಿಂದ ಇಟ್ಟದ್ದೂ ಒಂದು ಪರಿಹಾರವೇ ಅಲ್ಲವೇ?

ಮರುವರ್ಷ ಎರಡನೆಯ ಅಲೆ ಬಂತು. ಜನರು ಆಮ್ಲಜನಕಕ್ಕೂ ಆಸ್ಪತ್ರೆಯ ಹಾಸಿಗೆಗೂ ಪರದಾಡುತ್ತಿದ್ದ 2021ರ ಮೇ ತಿಂಗಳಲ್ಲಿ 1,250 ಕೋಟಿ ರೂಪಾಯಿಯ ಹೊಸ ಪ್ಯಾಕೇಜ್ ಹೊರಬಿದ್ದಾಗ, ಹೂವಿನ ಪರಿಹಾರ ಹೆಕ್ಟೇರಿಗೆ 10,000ಕ್ಕೆ ಇಳಿದಿತ್ತು. ಒಂದು ಹೆಕ್ಟೇರಿನ ಮಿತಿ ಮಾತ್ರ ಅಲುಗಾಡಿರಲಿಲ್ಲ. ಒಮ್ಮೆ ನಷ್ಟವುಂಡವನಿಗೆ ಮತ್ತೊಮ್ಮೆ ಅಷ್ಟಾಗಿ ನೋಯುವುದಿಲ್ಲವೆಂದು ಇಲಾಖೆಯ ಯಾವುದೋ ಕಡತ ಟಿಪ್ಪಣಿ ಬರೆದುಕೊಂಡಿರಬಹುದು. ಇಪ್ಪತ್ತು ಗುಂಟೆಯವನ ಲೆಕ್ಕ ಈಗ 2,000 ರೂಪಾಯಿಯಷ್ಟಾಯಿತು.

ಇಷ್ಟಕ್ಕೂ ಪರಿಹಾರ ಸಲ್ಲುವುದು ಬೆಳೆ ಕಳೆದುಕೊಂಡವನಿಗಲ್ಲ, ಪಹಣಿಯಲ್ಲಿ ಹೆಸರಿದ್ದವನಿಗೆ. ಬೆಳೆ ಸಮೀಕ್ಷೆಯಲ್ಲಿ ರಾಗಿ ಎಂದು ದಾಖಲಾದ ಹೊಲದಲ್ಲಿ ಕನಕಾಂಬರ ಅರಳಿದ್ದರೆ ತಪ್ಪು ಕನಕಾಂಬರದ್ದೇ. ಇನ್ನು ಬೇರೆಯವರ ಜಮೀನನ್ನು ಗುತ್ತಿಗೆಗೆ ಹಿಡಿದು ಹೂ ಬೆಳೆದವನಂತೂ ಕಾನೂನಿನ ಪ್ರಕಾರ ಇಲ್ಲವೇ ಇಲ್ಲ: ಗೇಣಿ ಪದ್ಧತಿಯನ್ನು ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿ ಕಾಗದದ ಮೇಲೆ ಎಂದೋ ಮುಗಿಸಿದೆ. ಹಾಗಾಗಿ ಬೀಜ, ಬೆವರು, ಸಾಲ ಎಲ್ಲವೂ ಈ ಇಲ್ಲದವನವು. ನೇರ ನಗದು ವರ್ಗಾವಣೆಯಾಗುವುದು ಮಾತ್ರ ನಗರದ ಅಪಾರ್ಟ್‌ಮೆಂಟಿನಲ್ಲಿ ಕುಳಿತು, ಇದ್ಯಾವ ಹಣವೆಂದು ಮೊಬೈಲ್ ಸಂದೇಶವನ್ನು ಎರಡೆರಡು ಬಾರಿ ಓದುವ ಭೂಮಾಲೀಕನ ಆಧಾರ್ ಜೋಡಿತ ಖಾತೆಗೆ. ಮಧ್ಯವರ್ತಿಗಳ ಕಾಟ ತಪ್ಪಿಸಿದ್ದೇವೆಂದು ಸರ್ಕಾರ ಹೇಳಿಕೊಂಡರೆ ಅದನ್ನು ಅಲ್ಲಗಳೆಯಲಾಗದು. ಇಲ್ಲಿ ಬೆಳೆದವನೇ ಮಧ್ಯವರ್ತಿಯಂತೆ ಹೊರಗುಳಿದಿದ್ದಾನೆ.

ಮುಂದಿನ ಸಾಂಕ್ರಾಮಿಕಕ್ಕೆ ನನ್ನದೊಂದು ನಮ್ರ ಸಲಹೆಯಿದೆ. ಪರಿಹಾರವನ್ನು ಹೆಕ್ಟೇರಿನ ಬದಲು ಚದರ ಕಿಲೋಮೀಟರಿನ ಲೆಕ್ಕದಲ್ಲಿ ಘೋಷಿಸಲಿ. 10,000 ರೂಪಾಯಿಯ ಅದೇ ದರ ಆಗ ಚದರ ಕಿಲೋಮೀಟರಿಗೆ 10 ಲಕ್ಷವಾಗಿ ಪತ್ರಿಕೆಗಳ ಮುಖಪುಟದಲ್ಲಿ ಮಿಂಚುತ್ತದೆ. ಖಜಾನೆಯಿಂದ ಮಾತ್ರ ಒಂದು ಪೈಸೆಯೂ ಹೆಚ್ಚಿಗೆ ಹೋಗುವುದಿಲ್ಲ.